ನಿಮಗಿದು ಗೊತ್ತೇ? ಹೊಸ್ತಿಲು ದಾಟದ ಬೆಕ್ಕು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಬೆಕ್ಕಿಗಾಗಿ ಬಾಗಿಲು ತೆಗೆಯುವ ಕೆಲಸವೇ ಇರಲಿಲ್ಲ. ಬೆಳಕಿಂಡಿಯಿಂದ ಇಳಿಯುತ್ತಿತ್ತು, ನೆಲುವಿನ ಮೇಲಿನ ಹಾಲಿನ ಗಡಿಗೆಯನ್ನು ಒಮ್ಮೆ ದಿಟ್ಟಿಸುತ್ತಿತ್ತು, ಬಂದ ದಾರಿಯಲ್ಲೇ ಹೋಗುತ್ತಿತ್ತು. ಇದು ಯಾರ ಮನೆ ಬೆಕ್ಕು ಎಂದರೆ ಮೂರು ಮನೆಯವರು ‘ನಮ್ಮದೇ’ ಎನ್ನುತ್ತಿದ್ದರು. ಅದಕ್ಕಾಗಿ ಮೂರು ಪೈಸೆ ಖರ್ಚು ಮಾಡಿದವರು ಮಾತ್ರ ಯಾರೂ ಇರಲಿಲ್ಲ. ಈಗ ಆರ್‌ಸಿಸಿ ಮನೆ, ಜಾಳಿಗೆ ಬಾಗಿಲು, ಎದುರಿಗೆ ಟಂಟಂ, ಟ್ರ್ಯಾಕ್ಟರ್ ಓಡಾಡುವ ರಸ್ತೆ. ಮರಿ ತಂದು ಒಳಗೇ ಸಾಕುತ್ತೇವೆ ಎನ್ನುವವರು ಈ ಊರುಗಳಲ್ಲೂ ಸಿಗುತ್ತಿದ್ದಾರೆ. ಈ ಸಲದ ಕಂತು ಅವರಿಗೆ.

ಬೆಕ್ಕು ಮರಿ ಹಾಕಿ ಏಳು ಮನೆ ತಿರುಗುತ್ತದೆ ಎಂಬ ಮಾತಿದೆಯಲ್ಲ, ಅದರಲ್ಲಿ ಅರ್ಧ ನಿಜ. ಏಳರ ಲೆಕ್ಕ ಬೆಕ್ಕಿಗೆ ಗೊತ್ತಿಲ್ಲ. ಆದರೆ ಒಂದೇ ಜಾಗದಲ್ಲಿ ಮರಿಗಳ ವಾಸನೆ ಕಟ್ಟಿಕೊಂಡರೆ ನಾಯಿಗೋ ಗಂಡು ಬೆಕ್ಕಿಗೋ ಸುಳಿವು ಸಿಗುತ್ತದೆ, ಅದಕ್ಕೇ ತಾಯಿ ಜಾಗ ಬದಲಿಸುತ್ತದೆ. ಹಾಗೆ ಸಾಗಿಸುವಾಗ ಎರಡನೇ ಮರಿ ಒಂದಷ್ಟು ಹೊತ್ತು ಒಂಟಿಯಾಗಿ ಬಿದ್ದಿರುತ್ತದೆ. ಕಟ್ಟಿಗೆ ಒಟ್ಟಿದ ಮೂಲೆಯಲ್ಲಿ ಮರಿಯೊಂದು ಕಂಡ ಕೂಡಲೇ ‘ಅನಾಥ’ ಎಂದು ಎತ್ತಿಕೊಂಡು ಬರಬೇಡಿ. ಕೆಲವು ತಾಸು ದೂರ ನಿಂತು ನೋಡಿ, ತಾಯಿ ಬರಬಹುದು.

ತಾಯಿ ಕುತ್ತಿಗೆಯ ಚರ್ಮ ಕಚ್ಚಿ ಎತ್ತಿದಾಗ ಮರಿ ಕೈಕಾಲು ಮುದುಡಿ ಸುಮ್ಮನಾಗುತ್ತದೆ. ದೇವರಿಗೆ ಪೂರ್ತಿ ಶರಣಾಗುವುದನ್ನು ನಮ್ಮ ವೇದಾಂತಿಗಳು ‘ಮಾರ್ಜಾಲ ಕಿಶೋರ ನ್ಯಾಯ’ ಎಂದದ್ದು ಇದನ್ನು ನೋಡಿಯೇ. ಬೆಳೆದ ಬೆಕ್ಕಿಗೆ ಈ ನ್ಯಾಯ ಹೊಂದುವುದಿಲ್ಲ: ಕುತ್ತಿಗೆ ಹಿಡಿದು ಎತ್ತಿದರೆ ಅದಕ್ಕೆ ನೋವಾಗುತ್ತದೆ, ನಿಮ್ಮ ಕೈಗೂ ಗಾಯವಾಗುತ್ತದೆ.

ಮರಿಯ ವಯಸ್ಸು ತಿಳಿಯಲು ಅದರ ಕಣ್ಣು ನೋಡಿ. ಹುಟ್ಟಿ 7ರಿಂದ 14 ದಿನಗಳಲ್ಲಿ ಕಣ್ಣು ಬಿಡುತ್ತದೆ. ಆಗ ಎಲ್ಲ ಮರಿಗಳ ಕಣ್ಣೂ ನೀಲಿ. ನಿಜವಾದ ಬಣ್ಣ ಕಾಣತೊಡಗುವುದು ಆರು-ಏಳು ವಾರದ ಮೇಲೆ. ಕಣ್ಣು ಇನ್ನೂ ಕಡುನೀಲಿ ಇದ್ದರೆ ಆ ಮರಿ ತಾಯಿಯ ಹತ್ತಿರವೇ ಇರಲಿ. ಇನ್ನೊಂದು ಗುರುತು ತಕ್ಕಡಿಯದು: ಹುಟ್ಟಿದಾಗ ಸುಮಾರು 100 ಗ್ರಾಂ, ಆಮೇಲೆ ವಾರಕ್ಕೆ ಹೆಚ್ಚುಕಡಿಮೆ 100 ಗ್ರಾಂ. ಮನೆಗೆ ತರಲು ಎಂಟು ವಾರ ತುಂಬಿರಬೇಕು. ಮನುಷ್ಯರ ಕೈಗೆ ಹೊಂದಿಕೊಳ್ಳುವ ಮನಸ್ಸು ರೂಪುಗೊಳ್ಳುವುದು ಎರಡರಿಂದ ಏಳನೇ ವಾರದ ನಡುವೆ. ಹಾಗಾಗಿ ತಾಯಿ ಜೊತೆಗಿರುವಾಗಲೇ ದಿನಾ ಹೋಗಿ ಮೈ ಸವರಿ ಬನ್ನಿ. ಆ ಐದು ವಾರ ಮನುಷ್ಯರನ್ನೇ ಕಾಣದೆ ಬೆಳೆದ ಮರಿ ಅಲಮಾರಿಯ ಹಿಂದೆಯೇ ಸಂಸಾರ ಹೂಡುತ್ತದೆ.

ಕಬ್ಬಿನ ಗದ್ದೆಯಲ್ಲಿ, ಜೋಳದ ಹೊಲದಲ್ಲಿ ಸಿಕ್ಕ ಮರಿ ಬೆಕ್ಕಿನದೇ ಆದರೂ ಕಾಡುಬೆಕ್ಕಿನದಿರಬಹುದು! ಎತ್ತರದ ಬೆಳೆಯ ಮರೆಯಲ್ಲಿ ಕಾಡುಬೆಕ್ಕು ಮರಿ ಹಾಕುವುದುಂಟು. ಚಿಕ್ಕವಿದ್ದಾಗ ಮೈಮೇಲೆ ಪಟ್ಟೆ ಇರುವುದರಿಂದ ಊರ ಬೆಕ್ಕಿನ ಮರಿಯಂತೆಯೇ ಕಾಣುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಸಾಕುವುದು ಅಪರಾಧ. ಕಬ್ಬು ಕಡಿಯುವಾಗ ಸಿಕ್ಕರೆ ಅಲ್ಲೇ ಬದುವಿನ ಮೇಲಿಟ್ಟು ದೂರ ಸರಿಯಿರಿ, ಇಲ್ಲವೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಒಳಗೇ ಸಾಕುವುದಾದರೆ ಒಂದಕ್ಕಿಂತ ಎರಡು ಮರಿ ಲೇಸು. ಒಂದರ ಬಾಲವನ್ನು ಇನ್ನೊಂದು ಕಚ್ಚುತ್ತದೆ, ನಿಮ್ಮ ಕಾಲು ಉಳಿಯುತ್ತದೆ.

ಬಸ್ಸಿನಲ್ಲಿ ತರುವವರು ಕಂಡಕ್ಟರ್‌ನನ್ನು ಮೊದಲೇ ಕೇಳಿಕೊಳ್ಳಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ-ಮೊಮ್ಮಗಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಪುಕ್ಕಟೆ ಆಗಿತ್ತು. ಅವರ ಪಂಜರದಲ್ಲಿದ್ದ ನಾಲ್ಕು ಲವ್‌ಬರ್ಡ್‌ಗಳಿಗೆ ತಲಾ 111ರಂತೆ 444 ರೂಪಾಯಿ!

ತೆನಾಲಿ ರಾಮನ ಬೆಕ್ಕಿನ ಕಥೆ ಎಲ್ಲರಿಗೂ ಗೊತ್ತು. ಕೃಷ್ಣದೇವರಾಯರು ಬೆಕ್ಕಿನ ಜೊತೆ ಅದರ ಹಾಲಿಗೆಂದು ಆಕಳನ್ನೂ ಕೊಟ್ಟರು. ರಾಮ ಬಿಸಿ ಹಾಲಿಟ್ಟು ಬಾಯಿ ಸುಡಿಸಿದ. ಬೆಕ್ಕು ಹಾಲು ಕಂಡರೆ ಓಡತೊಡಗಿತು. ಸುಟ್ಟದ್ದು ತಪ್ಪು, ಆದರೆ ಹಾಲು ತಪ್ಪಿದ್ದರಿಂದ ಆ ಬೆಕ್ಕಿಗೆ ನಷ್ಟವೇನೂ ಆಗಲಿಲ್ಲ. ತಾಯಿ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಬೆಕ್ಕಿನ ಹೊಟ್ಟೆಯಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ಬಟ್ಟಲು ತುಂಬ ಆಕಳ ಹಾಲು ಕುಡಿದ ಅನೇಕ ಬೆಕ್ಕುಗಳಿಗೆ ಭೇದಿ ಗ್ಯಾರಂಟಿ. ಅದಕ್ಕೆ ಬೇಕಾದದ್ದು ನೀರು.

ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದೇ ಇಲ್ಲ. ಸಿಹಿ ಗುರುತಿಸುವ ಎರಡು ಜೀನ್‌ಗಳಲ್ಲಿ ಒಂದು ಅದರಲ್ಲಿ ಕೆಟ್ಟು ಕೂತಿದೆ ಎಂದು 2005ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು ತೋರಿಸಿಕೊಟ್ಟರು. ಹೋಳಿಗೆಯ ಬಳಿ ಬೆಕ್ಕು ಸುಳಿದಾಡುತ್ತಿದ್ದರೆ ಅದು ಬಂದದ್ದು ತುಪ್ಪಕ್ಕೆ.

ಇನ್ನು ರೊಟ್ಟಿಯ ಮಾತು. ನಮ್ಮ ಕಡೆಯ ಬೆಕ್ಕುಗಳು ತಲೆತಲಾಂತರದಿಂದ ಹಾಲಲ್ಲಿ ಮುರಿದು ಹಾಕಿದ ಜೋಳದ ರೊಟ್ಟಿ ತಿಂದೇ ಬದುಕಿವೆ ಎನ್ನುವವರಿದ್ದಾರೆ. ಬದುಕಿದ್ದು ರೊಟ್ಟಿಯಿಂದಲ್ಲ, ಇಲಿಯಿಂದ. ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ಮೈ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸದಿಂದಲೇ ಬರಬೇಕು. ಇಲಿಯ ಮೈಯಲ್ಲಿ ಅದು ಧಾರಾಳ, ರೊಟ್ಟಿಯಲ್ಲಿ ಸೊನ್ನೆ. ಕೊರತೆಯಾದರೆ ಕಣ್ಣಿನ ಅಕ್ಷಿಪಟ ಹಾಳಾಗುತ್ತದೆಂದು 1975ರಲ್ಲಿ ಗೊತ್ತಾಯಿತು. ಹೃದಯ ಊದಿ ಸೋಲುತ್ತದೆಂದು 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯರು ಕಂಡುಕೊಂಡರು. ಡಬ್ಬಿಯ ಬೆಕ್ಕಿನ ಆಹಾರ ತಿಂದ ಬೆಕ್ಕುಗಳಿಗೇ ಈ ರೋಗ ಬಂದಿತ್ತು. ಆಮೇಲೆ ಕಂಪನಿಗಳು ಟಾರಿನ್ ಹೆಚ್ಚಿಸಿದವು, ರೋಗವೂ ಇಳಿಯಿತು. ಬಾಗಿಲು ಹಾಕಿ ಇಲಿಯನ್ನು ತಪ್ಪಿಸಿದ್ದು ನೀವಾದ್ದರಿಂದ ಇಲಿಯಲ್ಲಿದ್ದ ಟಾರಿನ್ ಕೊಡುವ ಹೊಣೆಯೂ ನಿಮ್ಮದೇ. ಮಾಂಸ ಬೇಯಿಸದ ಲಿಂಗಾಯತರ ಮನೆಗೆ ಬಂದರೂ ಬೆಕ್ಕು ಮಾಂಸಾಹಾರಿಯೇ. ಅಂಥ ಮನೆಗಳಿಗೆ ಬೆಕ್ಕಿನದೇ ಪ್ಯಾಕೆಟ್ ಆಹಾರ ಸುಲಭದ ದಾರಿ. ನಾಯಿಯ ಪ್ಯಾಕೆಟ್ ನಡೆಯದು, ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರಲೇಬೇಕೆಂದಿಲ್ಲ.

ಹಾಗಾದರೆ ಇಲಿ ಹಿಡಿಯಲು ಬಿಟ್ಟರೇನು? ‘ಗುಲ್ಬರ್ಗಾ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ತೊಗರಿ ತುಂಬಿದ ಚೀಲಗಳ ಸಂದಿಯಲ್ಲಿ ಇಡುವುದು ಇಲಿ ಪಾಷಾಣ. ಇಲಿ ಪಾಷಾಣ ತಿನ್ನುತ್ತದೆ, ಕಾಲು ಸೋತ ಇಲಿಯನ್ನು ಬೆಕ್ಕು ಸುಲಭವಾಗಿ ಹಿಡಿಯುತ್ತದೆ, ಆಮೇಲೆ ಬೆಕ್ಕಿನ ಕಾಲು ಸೋಲುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೋಮಾಡಿಯೋಲೋನ್ ಬಿಲ್ಲೆಯಾದರೆ ವಿಟಮಿನ್ ಕೆ1 ಕೊಟ್ಟು ಬದುಕಿಸಬಹುದು. ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್‌ಗೆ ಪ್ರತಿವಿಷವೇ ಇಲ್ಲ. ಬೆಕ್ಕನ್ನು ಒಳಗೇ ಇಟ್ಟುಕೊಳ್ಳಲು ನಮ್ಮ ಮೂರು ತಾಲೂಕುಗಳಲ್ಲಿ ನನಗೆ ಕಾಣುವ ಮೊದಲ ಕಾರಣ ಇದೇ, ರಸ್ತೆಯ ಟ್ರ್ಯಾಕ್ಟರ್ ಎರಡನೆಯದು.

ಒಳಗೂ ವಿಷ ಕಡಿಮೆಯೇನಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಸಿ ಇರಲಿ, ಬೆಂದದ್ದಿರಲಿ, ಒಣಪುಡಿ ಇರಲಿ, ಪರಿಣಾಮ ಒಂದೇ. ಶೇಂಗಾ ಹಿಂಡಿ ಸವರಿದ ರೊಟ್ಟಿಯ ಚೂರು, ಒಗ್ಗರಣೆ ಹಾಕಿದ ಎಸರು ಯಾವುದೂ ಬೇಡ.

ಜ್ವರ ಬಂದಿದೆಯೆಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಗುಳಿಗೆ ಒಂದು ಚೂರು ಹಾಕಿದರೂ ಬೆಕ್ಕು ಸಾಯಬಹುದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ಇಲ್ಲ.

ಅದೇ ಕಾರಣಕ್ಕೆ ಫಿನಾಯಿಲ್ ಕೂಡ. ನೆಲ ಒರೆಸಿದ ಮೇಲೆ ಬೆಕ್ಕು ಅದರ ಮೇಲೆ ನಡೆಯುತ್ತದೆ, ಆಮೇಲೆ ಪಾದ ನೆಕ್ಕುತ್ತದೆ. ಬಟ್ಟೆಯ ನಡುವೆ ಇಡುವ ಡಾಂಬರು ಗುಳಿಗೆ, ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆತ್ರಿನ್ ಔಷಧ, ಪೂಜೆಗೆಂದು ಕುಂಡದಲ್ಲಿಟ್ಟ ಕಣಗಿಲೆ, ಇವೂ ಅದೇ ಪಟ್ಟಿಯವು. ಲಿಲ್ಲಿ ಹೂವಿನ ಪರಾಗ ಮೈಗೆ ಅಂಟಿ ನೆಕ್ಕಿದರೆ ಸಾಕು, ಮೂತ್ರಪಿಂಡ ಹೋಗುತ್ತದೆ. ತುಳಸಿಗೆ ಹೆದರಬೇಕಿಲ್ಲ.

ದಾರ! ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೆ ಬಾಗಿರುತ್ತವೆ. ಹಾಗಾಗಿ ಬಾಯಿಗೆ ಹೋದ ದಾರವನ್ನು ಅದು ಉಗುಳಲಾರದು, ನುಂಗುತ್ತಲೇ ಹೋಗಬೇಕು. ನಮ್ಮನೆಯ ಹೊಲಿಗೆ ಮಷಿನ್ನಿನ ಕೆಳಗೆ ಒಂದು ಮಧ್ಯಾಹ್ನ ಮರಿ ಕೂತಿತ್ತು, ತುಟಿಯಿಂದ ಕೆಂಪು ದಾರ ಇಳಿಬಿದ್ದಿತ್ತು, ಇನ್ನೊಂದು ತುದಿ ರೀಲಿನಲ್ಲೇ ಇತ್ತು. ರೀಲು ತನ್ನಷ್ಟಕ್ಕೇ ತಿರುಗುತ್ತಿತ್ತು. ಎಳೆಯಲು ಹೋದ ನನ್ನ ಕೈ ಹಿಡಿದು ನಿಲ್ಲಿಸಿದ್ದು ಮನೆಯವಳು. ಎಳೆದರೆ ಕರುಳು ಗರಗಸಕ್ಕೆ ಸಿಕ್ಕಂತೆ ಸೀಳಬಹುದು. ಬಾಯಿಂದ ಬಂದಿರಲಿ, ಹಿಂದಿನಿಂದ ಬಂದಿರಲಿ, ಎಳೆಯದೆ ಡಾಕ್ಟರ ಬಳಿ ಒಯ್ಯಬೇಕು. ಅಂದಿನಿಂದ ರೀಲುಗಳೆಲ್ಲ ಬಿಸ್ಕೀಟಿನ ಹಳೆಯ ಡಬ್ಬಿಯಲ್ಲಿವೆ, ಮುಚ್ಚಳ ಬಿಗಿ.

ಹೊರಗೆ ಹೋಗದ ಬೆಕ್ಕು ‘ಅದಕ್ಕೆ’ ಎಲ್ಲಿ ಹೋಗಬೇಕು? ಮೊದಲು ಕೇಳುವ ಪ್ರಶ್ನೆಯೇ ಇದು. ಹೇಸಿಗೆ ಮುಚ್ಚುವುದು ಬೆಕ್ಕಿಗೆ ಯಾರೂ ಕಲಿಸಬೇಕಿಲ್ಲ, ಕೆದರಲು ಸಡಿಲ ಹುಡಿ ಇದ್ದರೆ ಸಾಕು. 1947ರ ತನಕ ಅಮೆರಿಕದಲ್ಲೂ ಬೂದಿ, ಮರಳು ನಡೆಯುತ್ತಿತ್ತು. ಆ ವರ್ಷ ಮಿಶಿಗನ್‌ನ ಎಡ್ವರ್ಡ್ ಲೋ ಎಂಬ ವ್ಯಾಪಾರಿಯ ಬಳಿ ಪಕ್ಕದವರು ಬೆಕ್ಕಿಗೆಂದು ಮರಳು ಕೇಳಿದಾಗ ಆತ ನೀರು ಹೀರುವ ಜೇಡಿಯ ಕಾಳು ಕೊಟ್ಟ. ಅದೇ ಒಂದು ಉದ್ಯಮವಾಯಿತು. 1980ರ ದಶಕದಲ್ಲಿ ಬಂದದ್ದು ಒದ್ದೆಯಾದ ಕೂಡಲೇ ಉಂಡೆ ಕಟ್ಟುವ ಬೆಂಟೊನೈಟ್ ಜೇಡಿ. ಅದರಲ್ಲಿರುವ ಮುಖ್ಯ ಖನಿಜ ಮಾಂಟ್‌ಮೊರಿಲ್ಲೊನೈಟ್. ಈಗ ನಿಮ್ಮ ಹೊಲದ ಎರೆಭೂಮಿಯನ್ನು ನೆನೆಸಿಕೊಳ್ಳಿ: ಮಳೆ ಬಿದ್ದರೆ ಉಬ್ಬಿ ಚಪ್ಪಲಿಗೆ ಸೇರುಗಟ್ಟಲೆ ಅಂಟುತ್ತದೆ, ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಆ ಗುಣ ಬಂದದ್ದೂ ಇದೇ ಖನಿಜ ಕುಟುಂಬದಿಂದ. ಎಂದರೆ ಪೇಟೆಯ ಮಂದಿ ಕಿಲೋ ಲೆಕ್ಕದಲ್ಲಿ ಕೊಂಡು ತರುವ ಬೆಕ್ಕಿನ ಮಣ್ಣಿನ ದಾಯಾದಿಯ ಮೇಲೆ ನಾವು ತೊಗರಿ ಬಿತ್ತುತ್ತೇವೆ! ಹಾಗೆಂದು ಹೊಲದ ಮಣ್ಣನ್ನೇ ತಂದು ಟ್ರೇಗೆ ಸುರಿಯಬೇಡಿ, ಅದರಲ್ಲಿ ಜಂತುವಿನ ತತ್ತಿ, ಔಷಧದ ಉಳಿಕೆ ಇರುತ್ತವೆ. ಬಿಸಿಲಿಗೆ ಚೆನ್ನಾಗಿ ಒಣಗಿಸಿದ ಮರಳು ನಡೆಯುತ್ತದೆ, ಭೀಮಾ ನದಿಯ ಮರಳಿನ ಈಗಿನ ಬೆಲೆಯಲ್ಲಿ ಅದು ಅಗ್ಗವೋ ದುಬಾರಿಯೋ ನೀವೇ ಲೆಕ್ಕ ಹಾಕಿ. ತೀರಾ ಎಳೆ ಮರಿಗೆ ಉಂಡೆ ಕಟ್ಟುವ ಜೇಡಿ ಬೇಡ. ಅದು ಎಲ್ಲವನ್ನೂ ರುಚಿ ನೋಡುತ್ತದೆ, ಜೇಡಿ ಹೊಟ್ಟೆಯಲ್ಲೇ ಉಂಡೆಯಾಗುತ್ತದೆ.

ಟ್ರೇಗಳ ಲೆಕ್ಕ: ಎಷ್ಟು ಬೆಕ್ಕೋ ಅದಕ್ಕೆ ಒಂದು ಹೆಚ್ಚು. ಊಟದ ಬಟ್ಟಲಿನಿಂದ ದೂರ. ನೀರಿನ ಬಟ್ಟಲೂ ಊಟದಿಂದ ದೂರ ಇದ್ದರೆ ಅನೇಕ ಬೆಕ್ಕುಗಳು ಹೆಚ್ಚು ಕುಡಿಯುತ್ತವೆ. ಮರುಭೂಮಿಯ ಕಾಡುಬೆಕ್ಕಿನ ಸಂತತಿಯಾದ್ದರಿಂದ ಇವಕ್ಕೆ ಬಾಯಾರಿಕೆಯೇ ಕಡಿಮೆ. ಬರೀ ಒಣ ಕಾಳು ತಿಂದು ನೀರು ಕುಡಿಯದ ಗಂಡು ಬೆಕ್ಕಿಗೆ ಮೂತ್ರ ಕಟ್ಟಬಹುದು. ಟ್ರೇಯಲ್ಲಿ ಮತ್ತೆ ಮತ್ತೆ ಕೂತು ತಿಣುಕುತ್ತಿದ್ದರೆ ನಾಳೆ ನೋಡೋಣ ಎನ್ನುವಂತಿಲ್ಲ.

ಉಗುರು ಮಸೆಯುವುದು ಚೇಷ್ಟೆಯಲ್ಲ, ಸಹಿ. ಪಾದದಲ್ಲಿ ವಾಸನೆಯ ಗ್ರಂಥಿಗಳಿವೆ, ಕೆರೆದ ಕಡೆ ‘ಇದು ನನ್ನದು’ ಎಂದು ಬರೆದಂತೆ. ಅದಕ್ಕೆ ಸೋಫಾನೇ ಬೇಕೆಂದಿಲ್ಲ. ತೊಗರಿ ಖಾಲಿಯಾದ ಗೋಣಿಚೀಲವೊಂದನ್ನು ಝಾಡಿಸಿ, ಕಂಬಕ್ಕೆ ಬಿಗಿಯಾಗಿ ಸುತ್ತಿ ಕಟ್ಟಿ. ಬೆಕ್ಕು ಮೈ ಪೂರ್ತಿ ಚಾಚುವಷ್ಟು ಎತ್ತರ ಇರಲಿ. ಅಂಗಡಿಯ ದುಬಾರಿ ಕಂಬಕ್ಕೆ ಸುತ್ತಿರುವುದೂ ನಾರಿನ ಹಗ್ಗವನ್ನೇ.

ನಮ್ಮ ಬಿಸಿಲು ಬೆಕ್ಕಿಗೂ ಬಿಸಿಲೇ. ಅದರ ಮೈಯ ಸಹಜ ಶಾಖ 38ರಿಂದ 39 ಡಿಗ್ರಿ ಸೆಲ್ಸಿಯಸ್. ಬೆವರುವುದು ಪಾದದ ಅಡಿಯಲ್ಲಿ ಮಾತ್ರ. ಹೊರಗಿನ ಬೆಕ್ಕು ಮಧ್ಯಾಹ್ನ ಬೇವಿನ ನೆರಳೋ ಮೋರಿಯ ತಂಪೋ ಹುಡುಕಿಕೊಳ್ಳುತ್ತದೆ. 42 ಡಿಗ್ರಿಯ ಮೇ ತಿಂಗಳಲ್ಲಿ ತಗಡಿನ ಕೋಣೆಯಲ್ಲಿ ಕೂಡಿಹಾಕಿದ ಬೆಕ್ಕಿಗೆ ಆ ದಾರಿಯಿಲ್ಲ. ಶಹಾಬಾದ್ ಫರಸಿಯ ನೆಲ ಇದ್ದವರು ಪುಣ್ಯವಂತರು, ಆ ಸುಣ್ಣಕಲ್ಲಿನ ಮೇಲೆ ಹೊಟ್ಟೆ ಹಚ್ಚಿ ನಾಲ್ಕು ಕಾಲು ಚಾಚಿದ ಬೆಕ್ಕು ಅಂದರೆ ಎಲ್ಲ ಸರಿಯಿದೆ ಎಂದರ್ಥ. ನಾಯಿಯಂತೆ ಬಾಯಿ ತೆರೆದು ತೇಕುತ್ತಿದ್ದರೆ ಸರಿಯಿಲ್ಲ, ಒದ್ದೆ ಬಟ್ಟೆಯಿಂದ ಒರೆಸುತ್ತ ಡಾಕ್ಟರ ಬಳಿ ಓಡಿ.

ಒಳಗಿರುವ ಬೆಕ್ಕಿಗೆ ಲಸಿಕೆ ಯಾಕೆ? ಪಕ್ಕದ ಮನೆಯ ಕಾಕು ನನ್ನನ್ನು ಕೇಳಿದ್ದೂ ಇದನ್ನೇ: “ಬೆಕ್ಕಿಗಿ ಇಂಜೆಕ್ಷನ್ ಮಾಡ್ಸಲಾಕ ಹೊಂಟೀದೇನೋ ತಮ್ಮಾ? ದನದ ದವಾಖಾನಿದಾಗ ಮಂದಿ ನಗಂಗಿಲ್ಲೇನು?” ಯಾರೂ ನಗಲಿಲ್ಲ. ಸರದಿಯಲ್ಲಿ ನಮ್ಮ ಮುಂದಿದ್ದ ಎಮ್ಮೆ ಮಾತ್ರ ಬುಟ್ಟಿ ಮೂಸಿ ನೋಡಿತು. ಬೆಕ್ಕಿನ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ ಹೊರಗೆ ಒಂದು ವರ್ಷದವರೆಗೂ ಜೀವ ಹಿಡಿದಿರಬಲ್ಲದು, ನಿಮ್ಮ ಚಪ್ಪಲಿಗೆ ಅಂಟಿಕೊಂಡೇ ಒಳಗೆ ಬರುತ್ತದೆ. ಆರರಿಂದ ಎಂಟನೇ ವಾರಕ್ಕೆ ಮೊದಲ ಚುಚ್ಚು, ಆಮೇಲೆ ಮೂರ್ನಾಲ್ಕು ವಾರಕ್ಕೊಮ್ಮೆ, 16 ವಾರ ಆಗುವ ತನಕ. ರೇಬೀಸ್ ಲಸಿಕೆ 12 ವಾರ ತುಂಬಿದ ಮೇಲೆ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಮುಖ್ಯವಾಗಿ ದನಕರುಗಳಿಗಾಗಿ ಇರುವುದಾದರೂ ಕೇಳಿ ತಿಳಿದುಕೊಳ್ಳಲು ಅಡ್ಡಿಯಿಲ್ಲ. ಬೀದರಿನಲ್ಲಂತೂ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ.

ಬೆಕ್ಕು ಪರಚಿದರೂ ಕಚ್ಚಿದರೂ ನಾಯಿ ಕಚ್ಚಿದಷ್ಟೇ ಗಂಭೀರ. ಹರಿಯುವ ನೀರು, ಸಾಬೂನು, 15 ನಿಮಿಷ. ಆಮೇಲೆ ನೇರ ಆಸ್ಪತ್ರೆ. ಅರಿಶಿನ, ಸುಣ್ಣ, ಖಾರಪುಡಿ ಯಾವುದೂ ಬೇಡ.

ನಾಲ್ಕು ತಿಂಗಳ ಹೆಣ್ಣು ಮರಿ ಗಬ್ಬ ಆಗಬಲ್ಲದು. 63-65 ದಿನಕ್ಕೆ ಹೆರುತ್ತದೆ. ಒಂದೇ ಸೂಲಿನ ನಾಲ್ಕು ಮರಿಗಳಿಗೆ ಇಬ್ಬರು-ಮೂವರು ಅಪ್ಪಂದಿರೂ ಇರಬಹುದು, ಒಂದೊಂದು ಒಂದೊಂದು ಬಣ್ಣವಿರಲು ಅದೂ ಒಂದು ಕಾರಣ. ಬೆದೆಗೆ ಬಂದ ಬೆಕ್ಕು ರಾತ್ರಿಯಿಡೀ ಕೂಗುತ್ತದೆ, ಬಾಗಿಲು ತೆರೆದ ಅರೆಗಳಿಗೆಯಲ್ಲಿ ಮಾಯ. ಒಳಗೇ ಇರಬೇಕೆಂದರೆ ನಾಲ್ಕೈದು ತಿಂಗಳಿಗೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದು.

ಬಿಳಿ-ಕಪ್ಪು-ಕೇಸರಿ ಮೂರೂ ಬಣ್ಣವಿದ್ದರೆ ಕಣ್ಣು ಮುಚ್ಚಿ ‘ಹೆಣ್ಣು’ ಅನ್ನಿ. ಕೇಸರಿ ಬಣ್ಣದ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ, ಕಪ್ಪು-ಕೇಸರಿ ಎರಡೂ ಕಾಣಲು ಎರಡು ಎಕ್ಸ್ ಬೇಕು. ಇಂಥ ಬೆಕ್ಕುಗಳಲ್ಲಿ ಗಂಡು ಸುಮಾರು 3000ಕ್ಕೊಂದು. ಆ ಜೀನ್ ಯಾವುದೆಂದು ಜಪಾನಿನ ಕ್ಯುಶು, ಅಮೆರಿಕದ ಸ್ಟ್ಯಾನ್‌ಫೋರ್ಡ್ ತಂಡಗಳು ಖಚಿತಪಡಿಸಿ ಪ್ರಕಟಿಸಿದ್ದು 2025ರಲ್ಲಿ.

ಮಗಳು ಹೆರಿಗೆಗೆ ತವರಿಗೆ ಬರುತ್ತಾಳೆಂದರೆ ಮೊದಲು ಮನೆ ಬಿಡುವುದು ಬೆಕ್ಕು. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಭಯ ಸುಳ್ಳಲ್ಲ. ಆದರೆ ಅದು ಬೆಕ್ಕಿಗೆ ಬರುವುದು ಇಲಿ, ಹಕ್ಕಿ, ಹಸಿ ಮಾಂಸ ತಿಂದರೆ. ಹೇಸಿಗೆಯಲ್ಲಿ ಬಂದ ತತ್ತಿ ಸೋಂಕು ಹರಡುವಂತಾಗಲು ಕನಿಷ್ಠ ಒಂದು ದಿನ ಬೇಕು. ಒಳಗೇ ಇದ್ದು ಬೇಯಿಸಿದ್ದನ್ನೇ ತಿನ್ನುವ ಬೆಕ್ಕಿನಿಂದ ಅಪಾಯ ತೀರ ಕಡಿಮೆ. ಟ್ರೇಯನ್ನು ದಿನಾ, ಅದೂ ಬಸುರಿಯಲ್ಲದವರು, ಬಳಿದು ಹಾಕಿದರಾಯಿತು. ಈ ಕೆಲಸಕ್ಕೆ ಅಳಿಯಂದಿರು ತಕ್ಕವರು.

ಬೇಡವಾದ ಮರಿಗಳನ್ನು ಚೀಲದಲ್ಲಿ ಹಾಕಿ ಹಳ್ಳದ ದಂಡೆಗೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಮಂಡಾಳು-ಮಿರ್ಚಿ ತಿಂದು ಚಹಾ ಕುಡಿದರೆ ಅದಕ್ಕಿಂತ ಹೆಚ್ಚಾಗುತ್ತದೆ.

ಕೂಡಿಹಾಕಿ ಸಾಕುವುದು ಪಾಪವಲ್ಲವೇ? ಆಳಂದದ ಲಾಡ್ಲೆ ಮಶಾಯಕ್ ದರ್ಗಾದ ಓಣಿಯಲ್ಲಿ ಈ ಪ್ರಶ್ನೆ ಎತ್ತಿದರೆ ಹದೀಸಿನ ಪ್ರಸಂಗವೊಂದನ್ನು ಹೇಳುವವರು ಸಿಕ್ಕಾರು. ಬೆಕ್ಕನ್ನು ಕಟ್ಟಿಹಾಕಿದ ಹೆಂಗಸು ನರಕಕ್ಕೆ ಹೋದಳು. ಯಾಕೆಂದರೆ ತಾನೂ ಉಣ್ಣಲು ಹಾಕಲಿಲ್ಲ, ನೆಲದ ಹುಳುಹುಪ್ಪಟೆ ತಿನ್ನಲೂ ಬಿಡಲಿಲ್ಲ. ಅತಿ ಹೆಚ್ಚು ಹದೀಸುಗಳನ್ನು ಹೇಳಿದವರ ಹೆಸರೇ ಅಬು ಹುರೈರಾ. ಅರ್ಥ, ಬೆಕ್ಕಿನ ಮರಿಯ ಅಪ್ಪ.

ಗಾಣಗಾಪುರದ ದತ್ತನ ಪಟದಲ್ಲಿ ನಾಲ್ಕು ನಾಯಿ, ಒಂದು ಆಕಳು. ಬೆಕ್ಕಿಗೆ ಜಾಗ ಸಿಕ್ಕಿಲ್ಲ. ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಾದರೋ ಬೆಕ್ಕೇ ಮಂಗಮ್ಮ ದೇವಿ, ಗುಡಿಯಲ್ಲಿ ಪೂಜೆ.

ಬೆಕ್ಕಿಗೆ ದಿನಕ್ಕೆ 12ರಿಂದ 16 ತಾಸು ನಿದ್ದೆ. ಎಚ್ಚರದ ಹೊತ್ತು ಮುಖ್ಯವಾಗಿ ನಸುಕು ಮತ್ತು ಮುಸ್ಸಂಜೆ, ಇಲಿ ಓಡಾಡುವ ಹೊತ್ತು. ಬೆಳಗಿನ ನಾಲ್ಕಕ್ಕೆ ನಿಮ್ಮ ಎದೆಯ ಮೇಲೆ ಓಟ ಬೇಡವೆಂದರೆ ರಾತ್ರಿ ಮಲಗುವ ಮುನ್ನ ಕಾಲು ತಾಸು ಆಡಿಸಿ ಊಟ ಹಾಕಿ.

ಬೆಳೆದ ಬೆಕ್ಕುಗಳು ತಮ್ಮ ತಮ್ಮಲ್ಲಿ ‘ಮ್ಯಾಂವ್’ ಅನ್ನುವುದು ಅಪರೂಪ, ಅದು ಮನುಷ್ಯರಿಗೆಂದೇ ಇಟ್ಟುಕೊಂಡ ಭಾಷೆ. ತನ್ನ ಹೆಸರು ಬೇರೆ ಮಾತುಗಳ ನಡುವೆ ಬಂದರೂ ಅದಕ್ಕೆ ಗೊತ್ತಾಗುತ್ತದೆಂದು 2019ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಆಳಂದದ ಬೆಕ್ಕಂತೂ ಒಂದೇ ಓಣಿಯಲ್ಲಿ ಬೆಕ್ಕು, ಬಿಲ್ಲಿ, ಮಾಂಜರ ಮೂರೂ ಕೇಳಿಸಿಕೊಳ್ಳುತ್ತದೆ. ಬರುವುದು ಮನಸ್ಸಾದರೆ ಮಾತ್ರ.

ಬೆಕ್ಕು ಅಡ್ಡ ಬಂದರೆ ನಾವು ಎರಡು ಹೆಜ್ಜೆ ಹಿಂದೆ ಸರಿಯುತ್ತೇವೆ. ಬ್ರಿಟನ್ನಿನ ಹಲವು ಕಡೆ ಕರಿ ಬೆಕ್ಕು ಅಡ್ಡ ಬಂದರೆ ಶುಭ. ಒಳಗೇ ಸಾಕಿದ ಬೆಕ್ಕು ದಿನಕ್ಕೆ ಐವತ್ತು ಸಲ ಅಡ್ಡ ಬರುತ್ತದೆ, ಅದೂ ಕೈಯಲ್ಲಿ ಬಿಸಿ ಚಹಾ ಹಿಡಿದಾಗಲೇ.